ಹೊಟ್ಟೆಯೊಳಗಿನ ಉರಿ

ತೂಕದಲ್ಲಿ ನಾನೂ ನನ್ನ ತಂಗಿಯೂ ಅಲ್ಲಿಗಲ್ಲಿಗೆ ಸಮ. ಆದರೆ ಸಕ್ಕರೆ ಕಾಯಿಲೆ ಬಂದದ್ದು ನನಗೆ. ಮುನವಳ್ಳಿಯಿಂದ ಅವಳು ಬೈಲಹೊಂಗಲದ ನಮ್ಮ ಮನೆಗೆ ಬಂದಾಗಲೆಲ್ಲ ನಾನೇ ಹೋಳಿಗೆ ಮಾಡಿ, ನಾನೇ ತುಪ್ಪ ಸುರಿದು, ಅವಳು ನಾಲ್ಕನೆಯದನ್ನು ಮುರಿಯುವುದನ್ನು ನೋಡುತ್ತ ಕೂರಬೇಕು. ನನ್ನ ತಾಟಿನಲ್ಲಿ ಒಂದೂವರೆ ರೊಟ್ಟಿ, ಮೆಂತ್ಯದ ಪಲ್ಯ. ಒಂದೇ ತಾಯಿಯ ಮಕ್ಕಳಿಗೆ ದೇವರು ಇಷ್ಟು ಪಂಕ್ತಿಭೇದ ಮಾಡಬಾರದಿತ್ತು.

ಕಳೆದ ವರ್ಷ ಅವಳು ನನ್ನ ಜೊತೆ ಆಸ್ಪತ್ರೆಗೆ ಬಂದಳು. ಡಾಕ್ಟರು ನನ್ನ ರಿಪೋರ್ಟು ನೋಡಿ, "ಅಕ್ಕಾರ, ನಿಮ್ಮ ಮೈಯಾಗ ಇನ್ಸುಲಿನ್ ಐತಿ. ಆದ್ರ ಮೈ ಅದರ ಮಾತ ಕೇಳವಲ್ದು. ಹೊಟ್ಟ್ಯಾಗ ಕೊಬ್ಬು ಕುಂತೈತಲ್ಲ, ಅಲ್ಲಿ ಒಳಗೊಳಗ ಉರಿ ಹತ್ತೈತಿ," ಎಂದರು.

ಹೊಟ್ಟೆಯುರಿಯನ್ನು ರಕ್ತ ಪರೀಕ್ಷೆಯಲ್ಲೂ ಹಿಡಿಯುತ್ತಾರೆಯೇ? "ಯಾರ ಮ್ಯಾಲೂ ಇಲ್ರಿ," ಎಂದುಬಿಟ್ಟೆ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವರು ಹೇಳಿದ್ದು ಉರಿಯೂತವಂತೆ, ಬೊಜ್ಜು ಹೆಚ್ಚಾದರೆ ಒಳಗೆ ಆಗುವಂಥದ್ದು.

"ಆ ಉರಿ ಆರಸೂ ಗುಳಿಗಿ ಇಲ್ಲೇನ್ರಿ?"

"ಹುಡಕಾಕ ಹತ್ತ್ಯಾರ. ಕೆಲವ್ರಿಗೆ ಸ್ವಲ್ಪ ಸಕ್ರಿ ಇಳೀತೈತಿ ಅಂತಾರ. ನಿಮಗ ಬರದು ಕೊಡೂವಷ್ಟು ಖಾತ್ರಿ ಇನ್ನೂ ಇಲ್ಲ. ಮೊಣಕಾಲ ನೋವಿಗೂ ಉರಿ ಆರಸೂ ಗುಳಿಗೀನ ಕೊಡ್ತಾರ, ಅದನ್ನ ನುಂಗಿ ಇದಕ್ಕೂ ಆತು ಅನ್ಕೋಬ್ಯಾಡ್ರಿ. ನಡೀರಿ, ತೂಕ ಇಳಸ್ರಿ." ಆಮೇಲೆ ತಂಗಿಯತ್ತ ನೋಡಿ, "ನೀವೂ ಒಮ್ಮೆ ರಕ್ತ ತೋರಸ್ರಿ," ಎಂದರು.

"ನಂಗೇನ ಆಗೈತ್ರಿ, ಗುಂಡಕಲ್ಲ ಇದ್ದಂಗ ಅದೇನಿ," ಎಂದಳು. ಅವಳು ಅಲ್ಲಿಯವರೆಗೆ ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ.

ಆದರೂ ಡಾಕ್ಟರು ಬಿಡಲಿಲ್ಲ. ಸೂಜಿ ಚುಚ್ಚುವಾಗ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಮನಸ್ಸಿನಲ್ಲಿ ಮಾತ್ರ ಸವದತ್ತಿಯ ಎಲ್ಲಮ್ಮನಿಗೆ ಬೇಡಿಕೊಳ್ಳುತ್ತಿದ್ದೆ: ಇವಳಿಗೂ ಬರಲಿ, ನನ್ನಷ್ಟೇ ಬರಲಿ. ಆ ಹೊತ್ತಿಗೆ ಅದು ನ್ಯಾಯವೆಂದೇ ಅನಿಸಿತ್ತು.

ಅವಳ ಸಕ್ಕರೆ ನನ್ನದಕ್ಕಿಂತ ಹೆಚ್ಚೇ ಬಂತು. ಎಷ್ಟು ದಿನದಿಂದ ಇದೆಯೋ, ಕಣ್ಣು, ಕಿಡ್ನಿ ಎರಡನ್ನೂ ನೋಡಬೇಕು ಎಂದರು ಡಾಕ್ಟರು. ತಂಗಿ ರಿಪೋರ್ಟಿನ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮುನವಳ್ಳಿ ಬಸ್ಸು ಹತ್ತುವಾಗ ತಿರುಗಿ, ನಗುತ್ತಲೇ ಕೇಳಿದಳು:

"ಅಕ್ಕಾ, ಈಗರ ನಿನ್ನ ಹೊಟ್ಟಿ ತಣ್ಣಗಾತೇನು?"

"ಹುಚ್ಚಿ, ಏನ್ ಮಾತಂತ ಆಡ್ತಿ," ಎಂದು ಗದರಿದೆ. ಆದರೆ ಆಗಿತ್ತು. ಆ ಕಾಗದ ನೋಡಿದಾಗ ಒಂದು ಗಳಿಗೆ ತಣ್ಣಗೇ ಆಗಿತ್ತು. ಅವಳು ನನ್ನ ತಂಗಿ ಎಂಬುದು ನೆನಪಾದದ್ದು ಆಮೇಲೆ.