ಅವಳು ವಾಪಸ್ ಬರುತ್ತಾಳೆಂದು ಕಾದವರು

ಬಾಹ್ಯಾಕಾಶದ ಸಿನಿಮಾ ಯಾವುದೇ ಇರಲಿ, ನಾನು ಮೊದಲು ನೋಡುವುದು ನೌಕೆಯಲ್ಲಿ ಕಪ್ಪು ಹೆಂಗಸು ಇದ್ದಾಳೆಯೇ ಎಂದು. ಇದ್ದರೆ ಅಲ್ಲಿಂದಲೇ ನನಗೆ ಎದೆ ಡವಡವ. ಈಗೀಗ ಅಂಥವಳು ಕೊನೆಯ ದೃಶ್ಯದವರೆಗೂ ಉಳಿಯುವುದುಂಟು, ನೌಕೆಗೇ ಯಜಮಾನಿ ಆಗುವುದೂ ಉಂಟು. ನಾನು ಹುಡುಗಿಯಾಗಿದ್ದಾಗ ಅವಳು ಸಾಯುವುದಕ್ಕೇ ನೌಕೆ ಹತ್ತುತ್ತಿದ್ದಳು. ಇಲ್ಲದ ಗ್ರಹಗಳನ್ನೆಲ್ಲ ಕಲ್ಪಿಸಿಕೊಳ್ಳುವ ಮಹಾನುಭಾವರಿಗೆ ಈ ಹೆಂಗಸು ಮುದುಕಿಯಾಗುವುದನ್ನು ಮಾತ್ರ ಕಲ್ಪಿಸಿಕೊಳ್ಳಲು ಬರುತ್ತಿರಲಿಲ್ಲ. ನನ್ನ ಈ ಸಿಟ್ಟು ಹುಟ್ಟಿದ್ದು ರಾಮನಗರದ ಕಡೆ, ಕೈಲಾಂಚದ ಹತ್ತಿರದ ನಮ್ಮೂರಿನಲ್ಲಿ, ಅಕ್ಕನಿಗೆ ಗಂಡು ಹುಡುಕುತ್ತಿದ್ದ ವರ್ಷ.

ಅಕ್ಕ ಕಪ್ಪಗಿದ್ದಳು. "ಕಪ್ಪಾದ್ರೂ ಲಕ್ಷಣವಾಗವ್ಳೆ" ಎಂದು ನೆಂಟರು ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನವನ್ನು ಯಾರೂ ಕೇಳಿರಲಿಲ್ಲ. ಬಿಡದಿಯ ಕಾರ್ಖಾನೆಗಳು ಆಗ ಹಳ್ಳಿಹಳ್ಳಿಗೂ ಬಸ್ಸು ಕಳಿಸಿ ಹುಡುಗಿಯರನ್ನು ಕರೆದೊಯ್ಯುತ್ತಿದ್ದವು. ಅಕ್ಕ ಕಾರಿನೊಳಗಿನ ವೈರುಗಳನ್ನು ಜೋಡಿಸುವ ಕೆಲಸಕ್ಕೆ ಸೇರಿದ್ದಳು. ನೀಲಿ ಕೋಟು, ಟೋಪಿ ಹಾಕಿಕೊಂಡು ಬಸ್ಸು ಹತ್ತುವಾಗ ಅವಳ ನಡಿಗೆಯೇ ಬೇರೆ. ಮನೆಯಲ್ಲಿ ಕರೆಂಟು ಕೈಕೊಟ್ಟರೆ ಫ್ಯೂಸು ಹಾಕುವವಳೂ ಅವಳೇ. ನನಗಂತೂ ಅವಳೆಂದರೆ ಪ್ರಾಣ.

ರಾಮನಗರದ ಸ್ಟುಡಿಯೋ ಒಂದಕ್ಕೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಗಂಡಿನ ಕಡೆಯವರಿಗೆ ಕೊಡಲು ಫೋಟೋ ತೆಗೆಸಲು ಹೋದಾಗ ಅಲ್ಲಿಯವನು ಅಪ್ಪನಿಗೆ, "ಒಸಿ ಕಲರ್ ಎತ್ತಿ ಕೊಡ್ತೀನಿ ಯಜಮಾನ್ರೆ" ಎಂದ. ಎತ್ತಿದ್ದು ಒಸಿಯಲ್ಲ. ಮುಖ ಅಕ್ಕಿಹಿಟ್ಟಿನ ಬಣ್ಣಕ್ಕೆ ಬಂದಿತ್ತು, ಮಡಿಲ ಮೇಲಿದ್ದ ಕೈಗಳು ಮಾತ್ರ ನಮ್ಮಕ್ಕನವು. ಅಪ್ಪನಿಗೆ ಖುಷಿಯೋ ಖುಷಿ. ಸೋದರಮಾವ ಆ ಫೋಟೋವನ್ನು ಕನಕಪುರದ ಕಡೆಯ ಒಂದು ಮನೆಗೆ ತಲುಪಿಸಿದ. ಅವರು ಮೆಚ್ಚಿಕೊಂಡು, ಭಾನುವಾರ ಹುಡುಗಿ ನೋಡಲು ಬರುತ್ತೇವೆ ಎಂದರು. ಅವತ್ತಿನಿಂದ ಅಕ್ಕನಿಗೆ ಊಟ ಸೇರದಾಯಿತು. "ಅವ್ರು ನೋಡಕ್ಕೆ ಬತ್ತಿರೋದು ಯಾರ್ನೇ?" ಎಂದು ನನ್ನನ್ನು ಕೇಳಿದಳು.

ಅದೇ ವಾರ ಮನೆಯ ರೇಷ್ಮೆಹುಳು ತಿನ್ನುವುದು ಬಿಟ್ಟು ಹಣ್ಣಾಗಿ, ಅವನ್ನೆಲ್ಲ ಆಯ್ದು ಬಿದಿರಿನ ಚಂದ್ರಿಕೆಗೆ ಬಿಟ್ಟಾಗಿತ್ತು. ಅವು ಗೂಡು ಕಟ್ಟುವಷ್ಟು ದಿನ ಸೊಪ್ಪು ಕೊಯ್ಯುವ ಕೆಲಸವಿಲ್ಲ. ಹುಳು ಸಾಕುವ ನಮ್ಮಂಥ ಮನೆಗಳಿಗೆ ಬಿಡುವೆಂದರೆ ಅದೊಂದೇ. ಆಗ ನಾವು ಸಿ.ಡಿ. ಪ್ಲೇಯರ್ ಬಾಡಿಗೆಗೆ ತರುತ್ತಿದ್ದೆವು. ಆ ಸಲ ಅಂಗಡಿಯವನು ಕೊಟ್ಟದ್ದು ತಮಿಳು ಮಾತಾಡುವ ಇಂಗ್ಲಿಷ್ ಸಿನಿಮಾ. ನಮಗೆ ಅರ್ಧ ತಿಳಿಯಿತು, ಉಳಿದರ್ಧ ನಾವೇ ಸೇರಿಸಿಕೊಂಡೆವು.

ಯಾವುದೋ ಗ್ರಹಕ್ಕೆ ಹೊರಟ ನೌಕೆ. ಅದನ್ನು ಓಡಿಸುವವಳು ಒಬ್ಬ ಕಪ್ಪು ಹೆಂಗಸು. ಎಂಜಿನ್ ಕೆಟ್ಟರೂ ಅವಳೇ, ಗಾಳಿ ಸೋರಿದರೂ ಅವಳೇ. ಮಿಕ್ಕವರು ಕಿಟಕಿಯ ಹತ್ತಿರ ನಿಂತು ಪ್ರೀತಿ ಮಾಡುವುದರಲ್ಲಿದ್ದರು. ಅವಳು ಗೋಡೆಯ ಡಬ್ಬವೊಂದನ್ನು ಬಿಚ್ಚಿ ಒಳಗಿನ ವೈರುಗಳಿಗೆ ಕೈ ಹಾಕಿದಾಗ ಅಜ್ಜಿ, "ಥೇಟ್ ನಮ್ಮ ಮಗೀನೇ ಕಣವ್ವ!" ಎಂದು ಅಕ್ಕನ ತೊಡೆಗೊಂದು ಏಟು ಕೊಟ್ಟಳು. ಅಕ್ಕನಿಗೆ ನಾಚಿಕೆ. ಆದರೆ ಟೀವಿಯಿಂದ ಕಣ್ಣು ಕೀಳಲಿಲ್ಲ.

ಮೊದಲನೇ ಸಿ.ಡಿ. ಮುಗಿಯುವ ಹೊತ್ತಿಗೆ ಆ ಹೆಂಗಸು ಎಲ್ಲರನ್ನೂ ಬಾಗಿಲಾಚೆ ದಬ್ಬಿ, ತಾನೊಬ್ಬಳೇ ಒಳಗೆ ಉಳಿದು ಸುಟ್ಟುಹೋದಳು. ನಾವು ಯಾರೂ ಅಳಲಿಲ್ಲ. ಇಂಟರ್‌ವೆಲ್‌ಗೆ ಮುಂಚೆ ಸತ್ತ ನಾಯಕಿ ಕ್ಲೈಮ್ಯಾಕ್ಸಿಗೆ ಬಾರದೆ ಇರುತ್ತಾಳೆಯೇ? ಅಷ್ಟೆಲ್ಲ ಕೆಲಸ ಮಾಡಿದವಳು ನಾಯಕಿ ಅಲ್ಲವೆಂದು ನಮಗೆ ಹೊಳೆಯಲೇ ಇಲ್ಲ. "ಬತ್ತಾಳೆ ಬುಡು" ಎಂದ ಅಪ್ಪ, ಎಲ್ಲರಿಗಿಂತ ಗಟ್ಟಿಯಾಗಿ. ಎರಡನೇ ಸಿ.ಡಿ. ಓಡಿತು. ಹೊಂಗೂದಲಿನವಳೊಬ್ಬಳು ನಾಯಕನನ್ನು ತಬ್ಬಿಕೊಂಡಳು, ಭೂಮಿ ಬಂತು, ಹೆಸರುಗಳೂ ಬಂದು ಹೋದವು. ಅಪ್ಪ ಎದ್ದೇಳಲಿಲ್ಲ. ಇನ್ನೊಂದು ಸಿ.ಡಿ. ಇರಬೇಕು, ಅಂಗಡಿಯವನು ಕೊಡಲು ಮರೆತಿದ್ದಾನೆ ಎಂದು ತೀರ್ಮಾನಿಸಿ, ಬೆಳಿಗ್ಗೆ ನನ್ನನ್ನು ಅಲ್ಲಿಗೆ ಅಟ್ಟಿದ.

ಅಂಗಡಿಯವನು ಬಿದ್ದು ಬಿದ್ದು ನಕ್ಕ. "ಇನ್ನೊಂದು ಎಲ್ಲೈತವ್ವ? ಆ ಕರಿ ಹೆಂಗ್ಸು ಅಲ್ಲೇ ಸತ್ತೋದ್ಲು. ಇಂಥ ಪಿಚ್ಚರ್‌ನಾಗೆ ಅಂಥೋರೇ ಮೊದ್ಲು ಓಗೋದು."

ಮನೆಗೆ ಬಂದು ಇದ್ದದ್ದು ಇದ್ದಹಾಗೆ ಹೇಳಿದೆ. "ಎಲ್ಲಾ ಕೆಲ್ಸ ಮಾಡಿಸ್ಕಂಡು ಸಾಯಿಸ್ಬುಟ್ರಾ, ಮನೆಹಾಳ್ರು!" ಎಂದು ಅಜ್ಜಿ ಶಪಿಸಿದಳು. ಅಕ್ಕ ಅಪ್ಪನೆದುರು ಹೋಗಿ ನಿಂತಳು. "ಅಪ್ಪಾ, ಆ ಫೋಟೋದಾಗಿರೋಳು ನಾನಲ್ಲ. ಅವಳ್ನ ಒಪ್ಕಂಡು ಅವ್ರು ಬಂದ್ರೆ, ನಾನು ಎಲ್ಲೋಗ್ಲಿ?"

ಅವಳೇ ಸೋದರಮಾವನನ್ನು ಕರೆಸಿ, ನೀಲಿ ಕೋಟು ಹಾಕಿಕೊಂಡು ಕಾರ್ಖಾನೆಯಲ್ಲಿ ತನ್ನ ಬಣ್ಣದಲ್ಲೇ ತೆಗೆಸಿದ್ದ ಫೋಟೋವೊಂದನ್ನು ಕೊಟ್ಟು, ಇದನ್ನೂ ಅವರಿಗೆ ತೋರಿಸಿ ಬಾ ಎಂದಳು. ಅವ್ವ ಹಣೆ ಚಚ್ಚಿಕೊಂಡಳು. ಅಪ್ಪ ತಡೆಯಲಿಲ್ಲ.

ಭಾನುವಾರ ಕೇಸರಿಬಾತು ಮಾಡಿಟ್ಟುಕೊಂಡು ಕಾದೆವು. ಯಾರೂ ಬರಲಿಲ್ಲ. ಮಧ್ಯಾಹ್ನ ಮಾವ ಫೋನ್ ಮಾಡಿ, ಅವರಿಗೆ ಬೇಡವಂತೆ ಎಂದ. ಅಕ್ಕ ರೇಷ್ಮೆ ಸೀರೆ ಬಿಚ್ಚಿಟ್ಟು, ಹಟಕ್ಕೆ ಬಿದ್ದವಳ ಹಾಗೆ ತಟ್ಟೆ ತುಂಬ ಕೇಸರಿಬಾತು ಹಾಕಿಕೊಂಡು ಕೂತಳು. ಜೊತೆಗೆ ನಾನೂ ಕೂತೆ. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಅಪ್ಪ ಜಗುಲಿಯಿಂದ ಎದ್ದು ಬಂದು ಶರ್ಟು ಹಾಕಿಕೊಂಡ. "ಆ ಸೀರೆ ಉಟ್ಕೊ ನಡಿಯವ್ವ, ಸ್ಟುಡಿಯೋಗೆ ಓಗ್ಬೇಕು" ಎಂದ. ನಾನೂ ಹೊರಟೆ.

ನಮ್ಮನ್ನು ನೋಡಿದ ಕೂಡಲೇ ಫೋಟೋದವನು, "ಈ ಸಲ ಇನ್ನೂ ಚೆನ್ನಾಗಿ ಎತ್ತಿ ಕೊಡ್ತೀನಿ" ಎಂದ.

"ಬ್ಯಾಡ. ಇದ್ದಂಗೇ ತೆಗಿ."

"ಗಂಡು ಸಿಗ್ಬೇಕಲ್ವಾ ಯಜಮಾನ್ರೆ?"

"ಸಿಕ್ದಿದ್ರೆ ನಮ್ಮನ್ಯಾಗೇ ಇರ್ತಾಳೆ" ಎಂದ ಅಪ್ಪ. "ನನ್ ಮಗಳ್ನ ಅಳಿಸ್ಬ್ಯಾಡ ಕಣಪ್ಪ."

ಗಂಡಿನ ಕಡೆಯವರು ಬಾರದಿದ್ದಾಗ ಅಳದ ಅಕ್ಕ, ಆ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಮುಖ ಒರೆಸಿಕೊಳ್ಳುವವರೆಗೆ ಫೋಟೋದವನು ಕ್ಯಾಮೆರಾ ಹಿಡಿದುಕೊಂಡು ನಿಂತಿರಬೇಕಾಯಿತು.