ನಡುತೊಲೆ

ಸಿಂಧನೂರಿಗೆ ಕಾಲುವೆ ನೀರು ಬಂತು, ಮಸ್ಕಿಯಲ್ಲಿದ್ದ ನಮಗೆ ಹುಚ್ಚು ಹಿಡಿಯಿತು. ಯಾವ ಊರಲ್ಲಿ ಮನೆಗೆ ಎಷ್ಟು ಬೆಲೆ ಎಂಬುದೇ ಎಲ್ಲರ ಮಾತು. ನನ್ನ ಗಂಡನ ಅಣ್ಣನಂತೂ ಸಂತೆಯಿಂದ ಬಂದವನೇ ಶುರು ಮಾಡುತ್ತಿದ್ದ. ಆಂಧ್ರದ ರೈತರು ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹೊಲ, ಮನೆ ಎರಡೂ ಖರೀದಿ ಮಾಡುತ್ತಿದ್ದಾರೆ, ನಾವು ಮಾತ್ರ ಈ ಮಣ್ಣಿನ ಮಾಳಿಗೆ ಕೆಳಗೆ ಕೊಳೆಯುತ್ತಿದ್ದೇವೆ ಎಂದು ಹಲ್ಲು ಕಡಿಯುತ್ತಿದ್ದ.

ನಮ್ಮ ಪಡಸಾಲೆಯಲ್ಲಿ ಬಾಡಿಗೆಗೆ ಒಬ್ಬ ತೆಲುಗು ಮುದುಕನಿದ್ದ. ಬರ್ಮಾದ ರಂಗೂನಿನಲ್ಲಿದ್ದ ಮನೆಯನ್ನು ಬಿಟ್ಟು, ಉಟ್ಟ ಬಟ್ಟೆಯಲ್ಲಿ ಓಡಿ ಬಂದವನು. ಅವನು ನನಗೊಮ್ಮೆ ಹೇಳಿದ, "ಆ ದೇಶದಾಗ ಮನಿ ಗಂಡ ಹೆಂಡ್ತಿ ಇಬ್ಬರದೂ, ಅಮ್ಮಾ. ಆಕಿನ್ನ ಕೇಳದ ಗಂಡ ಮಾರಾಂಗಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. "ಮತ್ತ ಅಲ್ಲಿ ರೊಟ್ಟಿ ಯಾರು ಬಡೀತಾರ್ರೀ?" ಎಂದು ಕೇಳಿದೆ.

ಭಾವ ಮನೆ ಮಾರೋಣ ಅಂದ, ನನ್ನ ಗಂಡ ಒಲ್ಲೆ ಅಂದ. ಅಣ್ಣತಮ್ಮರ ನಡುವೆ ಮಾತೇ ನಿಂತಿತು. ನಮ್ಮ ಕಡೆ ಮನೆ ಪಾಲು ಮಾಡುವುದು ಅಂಕಣಗಳ ಲೆಕ್ಕದಲ್ಲಿ, ತೊಲೆಯಿಂದ ತೊಲೆಗೆ ಒಂದು ಅಂಕಣ. ಗೋಡೆ ಬರೀ ಮಣ್ಣು, ಬೆಲೆಯಿರುವುದು ಮೇಲಿನ ಮರಕ್ಕೆ. ತನ್ನ ಪಾಲಿನ ತೊಲೆ ಕಿತ್ತುಕೊಂಡು ಹೋದವನನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ನಡುತೊಲೆ ಎರಡೂ ಪಾಲಿನ ಭಾರ ಹೊತ್ತಿತ್ತು. ಅದು ಹೋದರೆ ನನ್ನ ಒಲೆಯ ಮೇಲಿನ ಸೂರೂ ಹೋಗುತ್ತಿತ್ತು. ನನ್ನ ಕೂಸಿನ ತೊಟ್ಟಿಲು ತೂಗಿದ್ದೂ ಅದಕ್ಕೇ.

ಗಂಡ ಹೊಲಕ್ಕೆ ಹೋದ ಹೊತ್ತು ನೋಡಿ ಭಾವ ಕೊಡಲಿ ಹಿಡಿದು ಬಂದ. ಏಣಿ ಹಾಕಿ, ನಡುತೊಲೆಗೇ ಬೀಸಿದ. ಮೇಲಿನ ಮಣ್ಣು ದಬದಬ ನನ್ನ ರೊಟ್ಟಿ ಹೆಂಚಿನ ಮೇಲೆ ಬಿತ್ತು.

ಮದುವೆಯಾಗಿ ಬಂದಂದಿನಿಂದ ಭಾವನ ಎದುರು ಸೆರಗು ಇಳಿಸಿದವಳಲ್ಲ, ಬಾಯಿ ತೆರೆದವಳಲ್ಲ. ಅವತ್ತು ಸೆರಗು ಎಲ್ಲಿತ್ತೋ. "ಭಾವಾರ, ಕೂಸು ಮಲಗೈತ್ರೀ!" ಎಂದು ಚೀರಿದೆ.

"ಸರಿ ಆಚಿಗೆ! ನಮ್ಮಪ್ಪ ಏರಿಸಿದ ತೊಲಿ ಇದು, ನಿಮ್ಮಪ್ಪ ಅಲ್ಲ."

ಕೂಸನ್ನು ಎತ್ತಿ ಮುದುಕನ ಕೈಗಿಟ್ಟೆ. ಮೂಲೆಯ ಒನಕೆ ತಗೊಂಡೆ. ಭಾವ ಮತ್ತೆ ಕೊಡಲಿ ಎತ್ತಿದಾಗ ಅವನ ಮುಂಗೈಗೆ ಬೀಸಿದೆ. ಒಣಗಿದ ಜೋಳದ ದಂಟು ಮುರಿದಂತೆ ಲಟಕ್ಕೆಂದಿತು. ಏಣಿ ಸಮೇತ ಉರುಳಿಬಿದ್ದ. ಕೊಡಲಿ ಅವನ ತೊಡೆ ಸೀಳಿತು. ಬಿದ್ದವನ ಬೆನ್ನಿಗೂ ಹೊಡೆದೆ, ಸಿಟ್ಟು ಇಳಿಯುವತನಕ ಹೊಡೆದೆ. ನೆಲವೆಲ್ಲ ರಕ್ತ. ನನಗೆ ಇವತ್ತಿಗೂ ಅಯ್ಯೋ ಅನ್ನಿಸಿಲ್ಲ.

ಸುದ್ದಿ ಮುಟ್ಟಿ ಗಂಡ ಹೊಲದಿಂದ ಓಡಿ ಬಂದ. ತೊಲೆ ನೋಡಿದ, ಅರ್ಧ ಕಡಿದಿದ್ದರೂ ಬಿದ್ದಿರಲಿಲ್ಲ. ಅಣ್ಣನನ್ನು ನೋಡಿದ. ಆಮೇಲೆ ನನ್ನ ಕಪಾಳಕ್ಕೆ ಬಾರಿಸಿದ, ನಾನು ಗೋಡೆಗೆ ಹೋಗಿ ಬಡಿದೆ.

"ಅಣ್ಣತಮ್ಮರ ಮನಿ ಇದು. ನಡುವ ಕೈ ಹಾಕಾಕ ನೀ ಯಾರಬೇ?"

"ಹಂಗ ಹೇಳು ಆಕಿಗೆ," ಎಂದ ಭಾವ, ಬಿದ್ದಲ್ಲಿಂದಲೇ.

ಮಾತು ಬಿಟ್ಟಿದ್ದವರು ಹಾಗೆ ಒಂದಾದರು. ಮನೆ ಮಾರುವ ಸುದ್ದಿ ನಿಂತೇಹೋಯಿತು. ಮೂಳೆ ಕಟ್ಟುವವನು ಬಂದು ಪಟ್ಟಿ ಸುತ್ತಿ ಹೋದ ಮೇಲೆ ಇಬ್ಬರೂ ಅದೇ ತೊಲೆಯ ಕೆಳಗೆ ಉಣ್ಣಲು ಕೂತರು. ಅಣ್ಣನ ಬಲಗೈ ಏಳುತ್ತಿರಲಿಲ್ಲ, ತಮ್ಮನೇ ರೊಟ್ಟಿ ಮುರಿದು ಬಾಯಿಗಿಟ್ಟ. ಮುದುಕ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ನನ್ನ ಮುಖ ನೋಡಲಿಲ್ಲ. ರೊಟ್ಟಿ ಬಡಿದವಳು ನಾನೇ, ಬಡಿಸಿದವಳೂ ನಾನೇ. ಕಿವಿ ಇನ್ನೂ ಗುಂಯ್ ಅನ್ನುತ್ತಿತ್ತು.