ಈ ಸೀಟಿಗೆ ಜನ ಅದಾರ

ಬೀದರಿನ ರಾಕ್ ಬ್ಯಾಂಡಿನ ಗಾಯಕ ಪ್ರಿನ್ಸ ಚಹಾ ಕುಡಿಯುವಾಗಲೂ ಹಿಂದೆ ಯಾರೋ ಡ್ರಮ್ಮು ಬಾರಿಸುತ್ತಿದ್ದಾರೆ ಎಂಬಂತೆ ತಲೆ ಕುಣಿಸುತ್ತಾನೆ. ಅವನ ‘ಈ ಸೀಟಿಗೆ ಜನ ಅದಾರ’ ಹಾಡು ಭಾಲ್ಕಿಯಿಂದ ಔರಾದಿನವರೆಗೆ ಎಲ್ಲರ ಮೊಬೈಲಿನಲ್ಲಿದೆ. ಅದರ ಅರ್ಥ ಕೇಳಿದರೆ ಕಾಲೇಜಿನ ಹುಡುಗಿಯರಿಗೆ ಪ್ರೇಮ ಎನ್ನುತ್ತಾನೆ, ಪಾಸ್ಟರರಿಗೆ “ಪರಲೋಕದಾಗಿನ ಜಾಗಾರಿ” ಎನ್ನುತ್ತಾನೆ, ಕಮಲನಗರದ ರಾಜಕಾರಣಿ ಮಂಗೇಶ ಕಾಕಾನಿಗೆ ಎಲೆಕ್ಷನ್ನಿನ ಕುರ್ಚಿ ಎನ್ನುತ್ತಾನೆ. ಎಲ್ಲರೂ ತಲೆದೂಗುತ್ತಾರೆ, ನನಗೆ ಮಾತ್ರ ಹೊಟ್ಟೆ ಉರಿಯುತ್ತದೆ. ಎಂಟನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹಾಡುತ್ತ ಶಾಲೆಗೆ ಹೋಗುತ್ತಿದ್ದೆವು, ನನ್ನ ದನಿಯೇ ಚೆನ್ನಾಗಿತ್ತು. ಆಮೇಲೆ ನಾನು ಶಾಲೆ ಬಿಟ್ಟೆ, ಅವನಿಗೆ ಮುಖ ತೋರಿಸಿರಲಿಲ್ಲ. ಮೊನ್ನೆ ಠಾಣಾ ಕುಶನೂರಿನ ಬಸ್ಸಿನ ಗದ್ದಲದಲ್ಲಿ ನಾನು ಹಿಂದೆ ನಿಂತಿದ್ದಾಗ, ಅವನು ಹೊರಗಿನಿಂದಲೇ ಕಿಟಕಿಯೊಳಗೆ ಮುಖ ಒರೆಸುವ ಎರಡು ದಸ್ತಿ ಎಸೆದು ಎರಡು ಸೀಟು ಹಿಡಿದ. ಒಳಗೆ ಬಂದು ಒಂದರಲ್ಲಿ ಕುಳಿತ. “ಬಸ್ ಬಿಡೂತನಕ ದಿನಾ ಇನ್ನೊಂದು ಯಾರಿಗಿ ಹಿಡೀತಿಯಪಾ?” ಎಂದು ಕಂಡಕ್ಟರ್ ಕೇಳಿದ. “ದೋಸ್ತಗರಿ. ಸಾಲಿ ಬಿಟ್ಟಾನ, ಊರು ಬಿಟ್ಟಿಲ್ಲ. ಬರ್ತಾನ್ರಿ.” ನಾನು ಜನರನ್ನು ಸರಿಸಿಕೊಂಡು ಹೋಗಿ ಆ ದಸ್ತಿ ಎತ್ತಿದೆ. ಪ್ರಿನ್ಸ ಸರಿದು ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟ.